ಬೇಡದ ದೀಪಕ್ಕೆ ಚೌಕಾಸಿ

ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರ್‌ಗೆ ನಾನು ಹೋಗಿದ್ದು ಸುಮ್ನೆ ನೋಡಿಕೊಂಡು ಬರೋಣ ಅಂತ. ಬೆಳಿಗ್ಗೆ ಬೇಗ ಹೋಗಿದ್ದೆ, ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿದ್ದವು. 1455ರ ಸುಮಾರಿಗೆ ಕಟ್ಟಲು ಶುರು ಮಾಡಿದ ಪೇಟೆ. 60ಕ್ಕೂ ಜಾಸ್ತಿ ಓಣಿಗಳು, ಸುಮಾರು 4,000 ಅಂಗಡಿಗಳು, ಎಲ್ಲದರ ಮೇಲೂ ಚಾವಣಿ, ಹಾಗಾಗಿ ಆಕಾಶ ನೋಡಿ ದಿಕ್ಕು ಹುಡುಕೋಣ ಅಂದರೆ ಅದೂ ಇಲ್ಲ. ಒಂದೇ ದೀಪದಂಗಡಿ ಮುಂದೆ ಮೂರು ಸಲ ಬಂದು ನಿಂತೆ.

ಮೂರನೇ ಸಲ ಅಂಗಡಿಯವನು ನಕ್ಕು ಒಳಗೆ ಕರೆದ. ನಾನು ಬೇಡ ಅನ್ನುವಷ್ಟರಲ್ಲಿ ಟೀ ಬಂತು, ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ. ಟೀ ಕುಡಿದ ಮಾತ್ರಕ್ಕೆ ಏನೂ ಕೊಳ್ಳಲೇಬೇಕು ಅಂತಿಲ್ಲ, ನನಗೂ ಗೊತ್ತು. ಆದರೆ ಕುಡಿದು ಸೀದಾ ಎದ್ದು ಹೋಗಲು ಮನಸ್ಸು ಬರಬೇಕಲ್ಲ! ಏನಾದರೂ ಮಾತಾಡಬೇಕು ಅಂತ, ಬಣ್ಣದ ಗಾಜಿನ ಚೂರು ಅಂಟಿಸಿದ್ದ ಒಂದು ದೀಪ ತೋರಿಸಿ ಎಷ್ಟು ಅಂದೆ.

ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದ. 3,000 ಲಿರಾ. ಹೇಗೂ ಒಪ್ಪಲ್ಲ, ಮರ್ಯಾದೆಯಾಗಿ ಜಾಗ ಖಾಲಿ ಮಾಡಬಹುದು ಅಂದುಕೊಂಡು ನಾನು 1,000 ಒತ್ತಿದೆ. ಅವನು ಎದೆ ಮೇಲೆ ಕೈಯಿಟ್ಟುಕೊಂಡು ನಿಟ್ಟುಸಿರು ಬಿಟ್ಟ. 2,400 ಅಂದ. 1,800 ಅಂದ. ನಾನು ಎದ್ದೆ. ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟಿದ್ದೆ, ಅಷ್ಟೇ. ಹಿಂದಿನಿಂದ ಕೂಗಿದ, 'ಓಕೆ, ಓಕೆ, ಒಂದು ಸಾವಿರ!'

ಇನ್ನೇನು ಮಾಡೋದು? ಎಷ್ಟು ಎಳೆದಾಡಿದರೂ ಅಲ್ಲಿ ಯಾರಿಗೂ ಬೇಜಾರಿಲ್ಲ, ಆದರೆ ನಾವೇ ಹೇಳಿದ ಬೆಲೆಗೆ ಅವನು ಒಪ್ಪಿದ ಮೇಲೆ ಬೇಡ ಅಂದರೆ ಮಾತು ತಪ್ಪಿದ ಹಾಗೆ. 200ರ ಐದು ನೋಟು ಎಣಿಸಿ ಕೊಟ್ಟೆ. ಅವನು ಅದನ್ನು ಗಡ್ಡಕ್ಕೆ ಸವರಿಕೊಂಡು 'ಸಿಫ್ತಾ' ಅಂದ. ಆಗ ಗೊತ್ತಾಯಿತು. ಸಿಫ್ತಾ ಅಂದರೆ ಬೋಣಿ! ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಲು ಅವನಿಗೆ ಇಷ್ಟ ಇರಲಿಲ್ಲ, ನಾನು ನೋಡಿದರೆ ನನ್ನ ಜಾಣತನ ಅಂತ ಬೀಗುತ್ತಿದ್ದೆ. ಅಗ್ಗಕ್ಕೆ ಸಿಕ್ಕಿತು ಅನ್ನೋ ಖುಷಿಯೂ ಜಾಸ್ತಿ ಹೊತ್ತು ಉಳಿಯಲಿಲ್ಲ. ಪಕ್ಕದ ಓಣಿಯಲ್ಲಿ ಅಂಥದ್ದೇ ದೀಪಕ್ಕೆ ಒಬ್ಬ ಬಾಯಿ ತೆಗೆದಿದ್ದೇ 1,200ರಿಂದ.

ಈಗ ಮೂರು ಅಂಗಡಿಯಲ್ಲಿ ಬರೀ ಕೇಳಿಕೊಂಡು ಬರುತ್ತೇನೆ. ಎಷ್ಟರವರೆಗೆ ಕೊಡಬಹುದು ಅಂತ ಹೊರಗೇ ಲೆಕ್ಕ ಹಾಕಿ, ಅಷ್ಟು ದುಡ್ಡು ಬೇರೆ ಜೇಬಿನಲ್ಲಿ ಇಡುತ್ತೇನೆ, ಯಾಕೆಂದರೆ ಹಟ ಮಾಡಿ ಇಳಿಸಿ ಆಮೇಲೆ ದಪ್ಪ ನೋಟಿನ ಕಟ್ಟು ಹೊರಗೆ ತೆಗೆದರೆ ನಮಗೇ ಮುಜುಗರ. ಬೆಲೆ ಚೀಟಿ ಅಂಟಿಸಿದ ಅಂಗಡಿಯಲ್ಲಿ ಮಾತೇ ಎತ್ತಲ್ಲ. ಮುಖ್ಯವಾಗಿ, ಬೇಡದ ವಸ್ತುವಿಗೆ ನನ್ನ ಬಾಯಿಂದ ಬೆಲೆ ಬರಲ್ಲ, ಎಷ್ಟು ಟೀ ಕುಡಿಸಿದರೂ.

ದೀಪ ಸೂಟ್‌ಕೇಸಿನಲ್ಲಿ ಹಿಡಿಸಲಿಲ್ಲ. ಪೇಪರ್ ಸುತ್ತಿ ಕೈಯಲ್ಲೇ ಹಿಡಿದುಕೊಂಡು ಹೋದೆ. ಏರ್‌ಪೋರ್ಟ್ ಸೆಕ್ಯುರಿಟಿಯಲ್ಲಿ ಎರಡು ಸಲ ಬಿಚ್ಚಿಸಿದರು.