ಶಿರಾಡಿ ಇಳಿಯುವ ಅರೋವಾನ

ಬೆಂಗಳೂರಿನಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 350 ಕಿ.ಮೀ., ಏಳೆಂಟು ಗಂಟೆಯ ಹಾದಿ. ಹಿಂದಿನ ಸೀಟು ಮಡಚಿದ ಕಾರಿನಲ್ಲಿ ಹೊರಟಿರುವುದು 22 ಇಂಚಿನ ಒಂದು ಸಿಲ್ವರ್ ಅರೋವಾನ, 11 ಇಂಚಿನ ಎರಡು ಆಸ್ಕರ್; ಮೂರೂ ಗಾಜಿನ ಟ್ಯಾಂಕಿನಲ್ಲಿ ಸಾಕಿದ ದೊಡ್ಡ ಮೀನು. ಹೊರಡುವುದು ರಾತ್ರಿ ಒಂಬತ್ತಕ್ಕೆ. ಮೀನಿನ ಚೀಲಕ್ಕೆ ಆಕ್ಸಿಜನ್ ತುಂಬಲು ಸಿಲಿಂಡರ್ ಇರುವ ಅಂಗಡಿ ಬೆಳಗಿನ ಜಾವ ತೆರೆದಿರುವುದಿಲ್ಲ, ಹಗಲಾದರೆ ಬಿಸಿಲಿನ ಕಾಟ ಬೇರೆ. ಕತ್ತಲಲ್ಲಿ ಮೀನೂ ತೆಪ್ಪಗಿರುತ್ತದೆ. ರಾತ್ರಿ ಘಾಟಿ ಇಳಿಯಬೇಕಾದ್ದರಿಂದ ಕಾರು ಓಡಿಸಲು ಇಬ್ಬರಿರುವುದು ಕ್ಷೇಮ.

ಆದರೆ ಪ್ರಯಾಣ ಶುರುವಾಗುವುದು ಮೂರು ದಿನ ಮೊದಲೇ, ತಿಂಡಿ ನಿಲ್ಲಿಸಿದಾಗ. ಮಾಂಸ ತಿನ್ನುವ ದೊಡ್ಡ ಮೀನಿಗೆ ಜೀರ್ಣ ನಿಧಾನ. ಹೊಟ್ಟೆಯಲ್ಲಿ ಉಳಿದದ್ದು ಚೀಲದೊಳಗೆ ಹೊರಬಿದ್ದರೆ ಅಷ್ಟೂ ಅಮೋನಿಯ, ಮೀನಿಗೆ ವಿಷ. ಮೂರು ದಿನ ಉಪವಾಸವಿದ್ದರೆ ಬೆಳೆದ ಮೀನಿಗೆ ಏನೂ ಆಗುವುದಿಲ್ಲ.

ಹಿಡಿಯುವಾಗ ಬಲೆ ಬೇಡ. ಅರೋವಾನದ ಹುರುಪೆ ಬಲೆಗೆ ಸಿಕ್ಕಿ ಕಿತ್ತು ಬರುತ್ತದೆ, ಒದ್ದಾಟದಲ್ಲಿ ಮೀಸೆಯೂ ಮುರಿಯಬಹುದು. ಟ್ಯಾಂಕಿನ ನೀರನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ದೀಪ ಆರಿಸಿ, ದಪ್ಪ ಚೀಲವನ್ನು ನೀರೊಳಗೇ ಬಾಯಿ ತೆರೆದು ಹಿಡಿದರೆ, ಹಿಂದಿನಿಂದ ಕೈಯಲ್ಲಿ ಮೆಲ್ಲಗೆ ಒತ್ತಿದ ಮೀನು ತಾನಾಗಿ ಒಳಗೆ ಹೋಗುತ್ತದೆ. ಚೀಲದ ಅಳತೆ ಮೀನಿಗಿಂತ ಕನಿಷ್ಠ ಅರ್ಧ ಅಡಿ ಉದ್ದ. ಬೆನ್ನು ಮುಳುಗಿ ಎರಡು ಬೆರಳು ನೀರಿದ್ದರೆ ಸಾಕು, ಮೇಲಿನದೆಲ್ಲ ಆಕ್ಸಿಜನ್‌ಗೆ ಬಿಟ್ಟ ಜಾಗ. ನೀರು ಜಾಸ್ತಿಯಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೇ ಹಲವು ಮೀನುಗಳನ್ನು ತಿಂದಿದೆ: ನೀರು ತುಂಬಿದ ಚೀಲದಲ್ಲಿ ಗಾಳಿಗೆ ಎಡೆಯಿರುವುದಿಲ್ಲ. ಒಳಗಿನ ಮಾಮೂಲಿ ಗಾಳಿಯನ್ನು ಹಿಂಡಿ ತೆಗೆದು ಆಮೇಲೆ ಸಿಲಿಂಡರ್ ಪೈಪು ಬಿಡಬೇಕು. ಆಸ್ಕರ್‌ಗಳು ಒಂದೊಂದೂ ಬೇರೆ ಚೀಲದಲ್ಲಿ. ಅವುಗಳ ಬೆನ್ನಿನ ಮುಳ್ಳು ಪ್ಲಾಸ್ಟಿಕ್ಕನ್ನು ಚುಚ್ಚುವುದರಿಂದ ಎರಡು ಚೀಲ, ನಡುವೆ ದಿನಪತ್ರಿಕೆಯ ನಾಲ್ಕು ಪದರ.

ಚೀಲಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಟೇಪ್ ಸುತ್ತಿ, ಅರೋವಾನದ ಪೆಟ್ಟಿಗೆಯನ್ನು ಕಾರಿನಲ್ಲಿ ಅಡ್ಡಡ್ಡ ಇಡಬೇಕು. ಉದ್ದಕ್ಕೆ ಇಟ್ಟರೆ ಪ್ರತಿ ಬ್ರೇಕಿಗೂ ಮೀನಿನ ಮೂತಿ ಗೋಡೆಗೆ ಗುದ್ದುತ್ತದೆ. ಅಡ್ಡ ಇಟ್ಟರೆ ಹೊಡೆತ ಇಡೀ ಪಕ್ಕೆಗೆ ಹಂಚಿಹೋಗುತ್ತದೆ. ಜೊತೆಗೆ ಹಳೆಯ ಟ್ಯಾಂಕಿನ ನೀರು ತುಂಬಿದ 20 ಲೀಟರಿನ ಎರಡು ಕ್ಯಾನು, ಮುಚ್ಚಳವಿರುವ 80 ಲೀಟರಿನ ಖಾಲಿ ಡ್ರಮ್ಮು, ಬ್ಯಾಟರಿ ಏರ್ ಪಂಪ್. ಲೀಟರಿಗೆ ಒಂದು ಕೆ.ಜಿ. ಲೆಕ್ಕ. ಎಲ್ಲವನ್ನೂ ಹಗ್ಗದಲ್ಲಿ ಬಿಗಿಯಲೇಬೇಕು.

ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ಸರಾಗ. ಎಸಿ 25ರಲ್ಲಿದ್ದರೆ ಸಾಕು. ನೀರು ಬಿಸಿಯಾದಷ್ಟೂ ಅದು ಹಿಡಿದಿಡುವ ಆಕ್ಸಿಜನ್ ಇಳಿಯುತ್ತದೆ: ಸಮುದ್ರ ಮಟ್ಟದಲ್ಲಿ 20 ಡಿಗ್ರಿಗೆ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಗೆ ಏಳೂವರೆ. ಕಾಫಿಗೆ ನಿಂತಾಗ ಪೆಟ್ಟಿಗೆ ತೆರೆದು ಟಾರ್ಚ್ ಬಿಟ್ಟು ನೋಡುವ ಚಪಲ ಬೇಡ. ಬೆದರಿದ ಅರೋವಾನ ಒಮ್ಮೆ ಹಾರಿದರೆ ಚೀಲದ ಗಂಟೇ ಬಿಚ್ಚಬಹುದು. ದಾರಿಯಲ್ಲಿ ಪೊಲೀಸರು ಕೇಳಿದರೆ ತೋರಿಸಲು ಅಂಗಡಿಯ ಬಿಲ್ ಇರಲಿ. ಏಷ್ಯನ್ ಅರೋವಾನವಾದರೆ ಮಾತು ಬೇರೆ, ಅದು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಒಂದನೇ ಪಟ್ಟಿಯ ಮೀನು, ಕಾಗದಪತ್ರವಿಲ್ಲದೆ ಹೊರಡಲೇಬಾರದು.

ಸಕಲೇಶಪುರ ದಾಟಿದ ಮೇಲೆ ಶಿರಾಡಿ. ತಿರುವುಗಳಲ್ಲಿ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ಇಳಿಯುವುದೇ ಮೀನಿಗೆ ಹಿತ. ಮಳೆಗಾಲದಲ್ಲಿ ದೋಣಿಗಾಲ್ ಸುತ್ತಮುತ್ತ ಗುಡ್ಡ ಜರಿದು ರಸ್ತೆ ಮುಚ್ಚುವುದುಂಟು. ಡ್ರಮ್ಮು, ಕ್ಯಾನು ಹೊತ್ತು ತಂದದ್ದು ಅದಕ್ಕೇ. ತಾಸುಗಟ್ಟಲೆ ಸಿಕ್ಕಿಕೊಂಡರೆ ಕ್ಯಾನಿನ ನೀರನ್ನು ಡ್ರಮ್ಮಿಗೆ ಸುರಿದು, ಪಂಪ್ ಹಾಕಿ, ಅರೋವಾನವನ್ನು ಅದಕ್ಕೆ ಬಿಡಬೇಕು. ಚೀಲದ ಬಾಯಿ ಬಿಚ್ಚಿ ಅದೇ ನೀರಿಗೆ ಪಂಪ್ ಹಾಕಿದರೆ ಕೆಟ್ಟಿತು. ಕಾರಣ ಮಂಗಳೂರಿನಲ್ಲಿ ಗೊತ್ತಾಗುತ್ತದೆ.

ಮಂಗಳೂರು ತಲುಪಿ ಪೆಟ್ಟಿಗೆ ತೆರೆದು ಮುಟ್ಟಿ ನೋಡಿದರೆ, ಬೆಂಗಳೂರಿನಲ್ಲಿ ಡೋಲಿನಂತೆ ಬಿಗಿದಿದ್ದ ಚೀಲ ಸಡಿಲಾಗಿರುತ್ತದೆ. ಸೋರಿಕೆ ಎಂದು ಗಾಬರಿಯಾಗಬೇಕಿಲ್ಲ. ಸುಮಾರು 900 ಮೀಟರ್ ಎತ್ತರದಿಂದ ಕರಾವಳಿಗೆ ಇಳಿದಾಗ ಗಾಳಿಯ ಒತ್ತಡ ಹೆಚ್ಚಿ ಚೀಲದ ಆಕ್ಸಿಜನ್ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ನಡುವಿನ ದಿನಪತ್ರಿಕೆ ಒದ್ದೆಯಾಗಿದ್ದರೆ ಮಾತ್ರ ಒಳಚೀಲ ಸೋರಿದೆ ಎಂದರ್ಥ. ಮಂಗಳೂರಿನಿಂದ ಮೇಲೆ ಬರುವಾಗ ಇದು ತಿರುಗಾಮುರುಗಾ, ಚೀಲ ಉಬ್ಬುತ್ತದೆ. ಆಗ ಬಿಗಿಯಾಗಿ ತುಂಬಲೇಬಾರದು.

ಮಂಗಳೂರಿನಲ್ಲಿ ನಲ್ಲಿಗೆ ಬರುವುದು ತುಂಬೆ ಅಣೆಕಟ್ಟಿನಿಂದ ಬಂದ ನೇತ್ರಾವತಿಯ ಮೆದು ನೀರು, ಅಂದರೆ ಲವಣ ಕಡಿಮೆಯಿರುವ ನೀರು. ಬೆಂಗಳೂರಿನ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೆಳೆದ ಮೀನಿಗೆ ಅದು ಒಮ್ಮೆಲೇ ಒಗ್ಗುವುದಿಲ್ಲ. ಹಾಗೆಂದು ಹನಿಹನಿಯಾಗಿ ಗಂಟೆಗಟ್ಟಲೆ ಒಗ್ಗಿಸಲೂ ಆಗದು. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದು ನೀರು ಹುಳಿಯಾಗಿರುತ್ತದೆ. ಆ ಹುಳಿಯಲ್ಲಿ ಅಮೋನಿಯದ ಬಹುಪಾಲು ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಬಾಯಿ ಬಿಚ್ಚಿದ ಕೂಡಲೇ ಆ ಅನಿಲ ಹಾರಿಹೋಗಿ, ಪಿಎಚ್ ಏರಿ, ಅದೇ ಅಮೋನಿಯಂ ಕಿವಿರು ಸುಡುವ ಅಮೋನಿಯವಾಗುತ್ತದೆ. ಹಾಗಾಗಿ ಹೊಸ ಟ್ಯಾಂಕನ್ನು ವಾರ ಮುಂಚೆಯೇ ಆಂಟಿ ಕ್ಲೋರಿನ್ ಹಾಕಿ, ಫಿಲ್ಟರಿನಲ್ಲಿ ಹವಳದ ಚೂರಿಟ್ಟು, ಟೆಸ್ಟ್ ಕಿಟ್‌ನಲ್ಲಿ ಗಡಸುತನ ಹಳೆಯದಕ್ಕೆ ಹತ್ತಿರ ತಂದಿರಬೇಕು. ಮುಚ್ಚಿದ ಚೀಲವನ್ನು ಇಪ್ಪತ್ತು ನಿಮಿಷ ತೇಲಿಬಿಟ್ಟು, ಬಿಸಿ ಸಮವಾದ ಮೇಲೆ ಬಿಚ್ಚಿ, ಮೀನನ್ನು ತಕ್ಷಣ ಟ್ಯಾಂಕಿಗೆ ಬಿಡಬೇಕು. ಚೀಲದ ನೀರು ಮೋರಿಗೆ.

ಹಳೆಯ ಫಿಲ್ಟರಿನ ಸ್ಪಂಜನ್ನು ತೊಳೆಯದೆ, ಒದ್ದೆಯಾಗಿಯೇ ಗಾಳಿಯಾಡುವ ಡಬ್ಬದಲ್ಲಿ ತಂದಿದ್ದರೆ ಅಮೋನಿಯವನ್ನು ಕರಗಿಸುವ ಅದರ ಬ್ಯಾಕ್ಟೀರಿಯ ಬದುಕಿರುತ್ತದೆ. ನೇರ ಹೊಸ ಫಿಲ್ಟರಿಗೆ ಸೇರಿಸಬಹುದು. ಒಂದು ದಿನ ದೀಪ ಬೇಡ, ಎರಡು ದಿನ ತಿಂಡಿ ಬೇಡ. ಆಸ್ಕರ್ ಬಣ್ಣ ಕಪ್ಪಾಗಿ ಮೂಲೆಯಲ್ಲಿ ಪಕ್ಕಕ್ಕೆ ಮಲಗಿದರೆ ಅದು ಸಾಮಾನ್ಯವಾಗಿ ಮುನಿಸು. ಉಸಿರಾಟ ಹದವಾಗಿದ್ದರೆ ಬಿಟ್ಟುಬಿಡಿ. ಅರೋವಾನದ ಟ್ಯಾಂಕಿನ ಮುಚ್ಚಳದ ಮೇಲೆ ಮಾತ್ರ ಮೊದಲ ರಾತ್ರಿಯೇ ಭಾರ ಹೇರಿರಿ.