ಮಾವನ ಹೊಟ್ಟೆ ಸ್ಕ್ಯಾನಿಂಗ್

ಕಾರವಾರ, ಬುಧವಾರ, 9 ಜುಲೈ 2025

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸೆಂಟರಿನಲ್ಲಿ ಬೆಳಗಿನಿಂದ ಕಿವಿಗೆ ಬೀಳುವ ಪ್ರಶ್ನೆ ಒಂದೇ. "ಯೂರಿನ್ ಬಂತಾ?" ಕೌಂಟರಿನ ಹುಡುಗಿ ಹೆಸರು ಕೂಗಿ, ಇಡೀ ಹಾಲಿಗೆ ಕೇಳುವ ಹಾಗೆ ಕೇಳುತ್ತಾಳೆ. ಮೊದಮೊದಲು ನಾಚಿಕೆ ಆಗುತ್ತದೆ. ಸ್ವಲ್ಪ ಹೊತ್ತಿಗೆ ನಾಚಿಕೆಯೆಲ್ಲ ಹೋಗಿ, ಎಲ್ಲರೂ ನೀರಿನ ಬಾಟಲಿ ಹಿಡಿದುಕೊಂಡು ಕಾಲು ಅಲ್ಲಾಡಿಸುತ್ತ ಕೂತಿರುತ್ತಾರೆ.

ಇವತ್ತು ಸೋದರಮಾವನನ್ನು ಕರೆದುಕೊಂಡು ಹೋಗಿದ್ದೆ. ಮಾವ ಬೈತಖೋಲ ಬಂದರಿನಲ್ಲಿ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಟ್ರಾಲಿಂಗ್ ಮೀನುಗಾರಿಕೆ ಬಂದ್ ಇರುವ ಜೂನ್, ಜುಲೈನಲ್ಲಿ ಮಾತ್ರ ಅವರು ಡಾಕ್ಟರ ಕೈಗೆ ಸಿಗುವುದು. ಕರಿದದ್ದು ತಿಂದ ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಗಿ ಬೆನ್ನಿನವರೆಗೂ ಹೋಗುತ್ತಿತ್ತು, ಅವರು ವಾಯು ಅಂತ ಓಮದ ನೀರು ಕುಡಿದು ಮಲಗುತ್ತಿದ್ದರು. ಡಾಕ್ಟರು ಒತ್ತಿ ನೋಡಿ, ಪಿತ್ತಕೋಶದಲ್ಲಿ ಕಲ್ಲಿರಬಹುದು ಅಂತ ಸ್ಕ್ಯಾನಿಂಗ್ ಬರೆದುಕೊಟ್ಟರು.

ಖಾಲಿ ಹೊಟ್ಟೆಯಲ್ಲಿ ಬನ್ನಿ, ಆದರೆ ನೀರು ಕುಡಿದು ಬನ್ನಿ ಅಂತ ಹೇಳಿದ್ದರು. ಇದು ಮಾವನಿಗೆ ತಲೆಗೆ ಹೋಗಲೇ ಇಲ್ಲ. "ಖಾಲಿ ಹೊಟ್ಟೆ ಅಂದ್ಮೇಲೆ ನೀರು ಯಾಕೆ ಕುಡಿಯೂದು?" ಕೇಳುವುದು ಸರಿಯೇ. ನಾವು ಏನಾದರೂ ತಿಂದರೆ, ಅದರಲ್ಲೂ ಎಣ್ಣೆ, ಹಾಲು ಹೊಟ್ಟೆಗೆ ಹೋದರೆ, ಪಿತ್ತಕೋಶ ಹಿಂಡಿಕೊಂಡು ಸಣ್ಣದಾಗುತ್ತದೆ. ಆಗ ಒಳಗಿನ ಕಲ್ಲು ಸರಿಯಾಗಿ ಕಾಣುವುದಿಲ್ಲ. 6ರಿಂದ 8 ಗಂಟೆ ಉಪವಾಸ ಇದ್ದರೆ ಅದು ಪಿತ್ತದಿಂದ ತುಂಬಿ ಉಬ್ಬಿರುತ್ತದೆ. ಹಾಗಾಗಿ ಹಾಲು ಹಾಕಿದ ಚಾ ಕೂಡ ಬೇಡ. ನೀರು ಬೇಕಿರುವುದು ಕೆಳಹೊಟ್ಟೆಗೆ. ಮೂತ್ರಕೋಶ ತುಂಬಿದರೆ ಅದು ಗಾಳಿ ತುಂಬಿದ ಕರುಳನ್ನು ಪಕ್ಕಕ್ಕೆ ತಳ್ಳಿ ಕಿಟಕಿ ತೆರೆದುಕೊಡುತ್ತದೆ, ಅದರ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ, ಹೆಂಗಸರಲ್ಲಾದರೆ ಹಿಂದಿರುವ ಗರ್ಭಕೋಶ, ಚೆನ್ನಾಗಿ ಕಾಣುತ್ತದೆ. ಮಾವನಿಗೆ ಸಕ್ಕರೆ ಕಾಯಿಲೆ ಇದೆ. ಬೆಳಗಿನ ಮಾತ್ರೆ ಏನು ಮಾಡಬೇಕು ಅಂತ ನಿನ್ನೆಯೇ ಡಾಕ್ಟರನ್ನು ಕೇಳಿಟ್ಟಿದ್ದೆವು. ಸಕ್ಕರೆ ಇರುವವರು ಸುಮ್ನೆ ಮಾತ್ರೆ ನುಂಗಿ ಉಪವಾಸ ಕೂರಬಾರದು.

ಗೋಡೆಯ ಮೇಲೆ ದೊಡ್ಡ ಬೋರ್ಡು: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ. 1994ರ ಕಾಯ್ದೆ ಪ್ರಕಾರ ಅದು ಅಪರಾಧ. ಗರ್ಭಿಣಿಯರಿಗೆ ಒಂದು ಫಾರ್ಮ್ ತುಂಬಿಸಿ ಸಹಿ ಹಾಕಿಸಿಕೊಳ್ಳುವುದೂ ಅದಕ್ಕೇ. ಅವರನ್ನು ಮೊದಲು ಒಳಗೆ ಬಿಡುತ್ತಿದ್ದರು, ಹಾಗಾಗಿ ನಮ್ಮ ಸರದಿ ಹಿಂದೆ ಹಿಂದೆ ಹೋಗುತ್ತಿತ್ತು. ಯಾರೂ ತಕರಾರು ಮಾಡಲಿಲ್ಲ, ಮಾವನ ಮುಖ ಮಾತ್ರ ಬಿಗಿದುಕೊಂಡಿತ್ತು.

"ಇದರಲ್ಲಿ ಕರೆಂಟು ಹೊಡೀತದಾ? ಎಕ್ಸ್‌ರೇ ತರ ಕಿರಣ ಬಿಡ್ತಾರಾ?" ಅಂತ ಕೇಳಿದರು. ಎರಡೂ ಇಲ್ಲ ಮಾವ, ಬರೀ ಶಬ್ದ, ಮೀನು ಹುಡುಕುವ ನಿಮ್ಮ ಬೋಟಿನ ಫಿಶ್ ಫೈಂಡರ್ ಇದೆಯಲ್ಲ, ಅದೇ ಅಂದೆ. ಸಮಾಧಾನ ಮಾಡಲು ಹೇಳಿದ ಮಾತಲ್ಲ, ನಿಜವಾಗಿಯೂ ಅದೇ ವಿದ್ಯೆ. ಬೋಟಿನ ತಳದಿಂದ ಶಬ್ದ ಕೆಳಗೆ ಹೋಗಿ, ನೆಲಕ್ಕೋ ಮೀನಿನ ಹಿಂಡಿಗೋ ಬಡಿದು ವಾಪಸ್ ಬರುತ್ತದೆ, ಎಷ್ಟು ಹೊತ್ತಿಗೆ ಬಂತು ಅನ್ನುವುದರಿಂದ ಆಳ ಗೊತ್ತಾಗುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ನಮ್ಮ ಮೈಯ ಮಾಂಸದಲ್ಲಿ ಸುಮಾರು 1540. ಹೆಚ್ಚು ಕಡಿಮೆ ಒಂದೇ ಅಲ್ವಾ? ವ್ಯತ್ಯಾಸ ಇರುವುದು ಕಂಪನದಲ್ಲಿ. ನಮ್ಮ ಕಿವಿಗೆ ಸೆಕೆಂಡಿಗೆ 20 ಸಾವಿರ ಕಂಪನದವರೆಗೆ ಕೇಳುತ್ತದೆ. ಫಿಶ್ ಫೈಂಡರಿನದ್ದು ಸಾಮಾನ್ಯವಾಗಿ 50 ಸಾವಿರ ಅಥವಾ 2 ಲಕ್ಷ. ಹೊಟ್ಟೆಯ ಮೇಲೆ ಹಿಡಿದು ನೋಡುವ ಉಪಕರಣ, ಅಂದರೆ ಪ್ರೋಬ್‌ನದ್ದು 20ರಿಂದ 50 ಲಕ್ಷ. ಪ್ರೋಬ್ ಒಳಗಿರುವ ಹರಳಿಗೆ ಕರೆಂಟು ಕೊಟ್ಟರೆ ಅದು ಕಂಪಿಸಿ ಶಬ್ದ ಬಿಡುತ್ತದೆ, ವಾಪಸ್ ಬಂದ ಶಬ್ದ ಬಡಿದರೆ ಅದೇ ಹರಳು ಮತ್ತೆ ಕರೆಂಟು ಹುಟ್ಟಿಸುತ್ತದೆ. 10 ಸೆಂಟಿಮೀಟರ್ ಆಳ ಮುಟ್ಟಿ ಬರಲು ಬೇಕಾಗುವುದು ಸೆಕೆಂಡಿನ 10 ಲಕ್ಷ ಭಾಗದಲ್ಲಿ ಬರೀ 130 ಭಾಗ.

ವೈದ್ಯರ ಕೈಗೂ ಇದು ಒಂದು ತರ ಹಡಗುಕಟ್ಟೆ ಕಡೆಯಿಂದಲೇ ಬಂದದ್ದು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ಡಾಕ್ಟರು, ಹಡಗುಕಟ್ಟೆಯಂಥ ಕಡೆ ಲೋಹದಲ್ಲಿ ಬಿರುಕು ಹುಡುಕುವ ಶಬ್ದದ ಯಂತ್ರವನ್ನು ಹೊಟ್ಟೆಯ ಗಡ್ಡೆಗಳ ಮೇಲೆ ಹಿಡಿದು ನೋಡಿ, 1958ರಲ್ಲಿ ಅದರ ಬಗ್ಗೆ ಬರೆದರು.

ಒಳಗೆ ಕತ್ತಲೆ, ಏಸಿ, ಅದರ ಮೇಲೆ ತಣ್ಣನೆಯ ಜೆಲ್. ಮಾವ "ಅಯ್ಯೋ" ಅಂದರು. ಜೆಲ್ ಇಲ್ಲದೆ ಆಗುವುದೇ ಇಲ್ಲ. ಪ್ರೋಬಿಗೂ ಚರ್ಮಕ್ಕೂ ನಡುವೆ ಒಂಚೂರು ಗಾಳಿ ಸಿಕ್ಕರೂ ಶಬ್ದ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ವಾಪಸ್ ಬಂದುಬಿಡುತ್ತದೆ. ಮೀನು ಫೈಂಡರಿನಲ್ಲಿ ಎದ್ದು ಕಾಣುವುದೂ ಬಹುಮಟ್ಟಿಗೆ ಅದರ ಹೊಟ್ಟೆಯಲ್ಲಿರುವ ಗಾಳಿಚೀಲದಿಂದ. ಸಮುದ್ರದಲ್ಲಿ ಉಪಕಾರ ಮಾಡುವ ಗಾಳಿ ಇಲ್ಲಿ ಉಪದ್ರವ. ಗ್ಯಾಸ್ ಜಾಸ್ತಿ ಇರುವವರಿಗೆ ಮೇದೋಜೀರಕ ಗ್ರಂಥಿ ಕಾಣಲಿಲ್ಲ ಅಂತ ರಿಪೋರ್ಟಿನಲ್ಲಿ ಬರೆದಿರುತ್ತಾರೆ. ಅದನ್ನು ಓದಿ ಗ್ರಂಥಿಯೇ ಇಲ್ಲ ಅಂತ ಗಾಬರಿಯಾಗಬೇಡಿ.

"ಉಸಿರು ತಗೊಳ್ಳಿ, ಹಿಡೀರಿ, ಬಿಡಿ." ಉಸಿರು ಹಿಡಿದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆ, ವಪೆ, ಕೆಳಗಿಳಿದು, ಪಕ್ಕೆಲುಬಿನ ಮರೆಯಲ್ಲಿರುವ ಯಕೃತ್ತು (ಲಿವರ್), ಪಿತ್ತಕೋಶ ಎರಡನ್ನೂ ಈಚೆ ತಳ್ಳುತ್ತದೆ. ನೋವಿರಲಿಲ್ಲ, ಪಕ್ಕೆಲುಬಿನ ಸಂದಿಯಲ್ಲಿ ಒತ್ತಿದಾಗ ಮಾತ್ರ ಮಾವ ಮುಖ ಕಿವುಚಿದರು. ಡಾಕ್ಟರು ಒಳ್ಳೆಯವರು, ಸ್ಕ್ರೀನ್ ತಿರುಗಿಸಿ ತೋರಿಸಿದರು. ಪಿತ್ತ ದ್ರವ ಆದ್ದರಿಂದ ಪಿತ್ತಕೋಶ ಪೂರ್ತಿ ಕಪ್ಪು. ಒಳಗೆ ಒಂದು ಬಿಳಿ ಚುಕ್ಕೆ, ಅದರ ಹಿಂದೆ ಉದ್ದಕ್ಕೆ ಕಪ್ಪು ನೆರಳು. ಕಲ್ಲನ್ನು ದಾಟಿ ಶಬ್ದ ಹೋಗುವುದಿಲ್ಲ, ಅದಕ್ಕೇ ನೆರಳು. ಎಡಗಡೆ ಮಗ್ಗುಲಾಗಿ ಅಂದರು. ಚುಕ್ಕೆ ಉರುಳಿ ಕೆಳಗೆ ಹೋಯಿತು. ಗೋಡೆಗೆ ಅಂಟಿ ಬೆಳೆಯುವ ಸಣ್ಣ ಗಂಟು, ಪಾಲಿಪ್, ಆಗಿದ್ದರೆ ಜಾಗ ಬಿಡುತ್ತಿರಲಿಲ್ಲ. 9 ಮಿಲಿಮೀಟರ್ ಕಲ್ಲು. ಜೊತೆಗೆ ಯಕೃತ್ತು ಪಕ್ಕದ ಕಿಡ್ನಿಗಿಂತ ಬೆಳ್ಳಗೆ ಕಂಡಿತು, ಅಂದರೆ ಕೊಬ್ಬು ಸೇರಿದೆ. "ನಾನು ಕುಡಿಯೂದೇ ಇಲ್ಲ" ಅಂತ ಮಾವ ತಕ್ಷಣ ಅಂದರು. ಸಕ್ಕರೆ ಇರುವವರಿಗೆ ಕುಡಿಯದಿದ್ದರೂ ಬರುತ್ತದೆ ಅಂದರು ಡಾಕ್ಟರು. ಆಮೇಲೆ ಬಾತ್‌ರೂಮಿಗೆ ಕಳಿಸಿ, ಮತ್ತೆ ಮಲಗಿಸಿ, ಮೂತ್ರ ಎಷ್ಟು ಉಳಿದಿದೆ ಅಂತ ಅಳತೆ ಮಾಡಿದರು. ಬಾತ್‌ರೂಮಿಗೆ ಹೋದಾಗಿನ ಮಾವನ ವೇಗ ನೋಡಬೇಕಿತ್ತು.

ಹೆಂಗಸರಿಗಾಗಿ ಒಂದು ಮಾತು, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ ಅನ್ನುವುದು ನನ್ನ ಸಿಟ್ಟು. ಗರ್ಭಕೋಶ, ಅಂಡಾಶಯ ಹತ್ತಿರದಿಂದ ನೋಡಬೇಕಾದರೆ ಒಳಗಿನಿಂದ ಸ್ಕ್ಯಾನ್ ಮಾಡುತ್ತಾರೆ. ಕವರ್ ಹಾಕಿದ ತೆಳ್ಳಗಿನ ಪ್ರೋಬ್ ಯೋನಿಯೊಳಗೆ ಇಡುತ್ತಾರೆ. ಅದಕ್ಕೆ ಮೂತ್ರಕೋಶ ಖಾಲಿ ಇರಬೇಕು. ಒಪ್ಪಿಗೆ ಕೇಳಿಯೇ ಮಾಡಬೇಕು, ಬೇಡ ಅನ್ನಬಹುದು, ಜೊತೆಗೆ ಹೆಣ್ಣು ಸಿಬ್ಬಂದಿ ಇರಲಿ ಅಂತಲೂ ಹೇಳಬಹುದು. ಟೇಬಲ್ ಮೇಲೆ ಮಲಗಿಸಿದ ಮೇಲೆ ಹೇಳುವ ವಿಷಯವಾ ಇದು?

ರಿಪೋರ್ಟ್ ಅಲ್ಲೇ ಟೈಪ್ ಆಗಿ ಸಿಕ್ಕಿತು. ಮೊದಲು ಕೊನೆಯ 'ಇಂಪ್ರೆಶನ್' ಭಾಗ ಓದಿ, ಸಾರ ಅಲ್ಲಿರುತ್ತದೆ. ಸಣ್ಣ ಪೇಪರ್ ಚಿತ್ರಗಳು ವರ್ಷ ಕಳೆದರೆ ಮಾಸುತ್ತವೆ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹಳೆಯ ರಿಪೋರ್ಟ್ ಇದ್ದರೆ ಒಯ್ಯಿರಿ. ಈ ಪರೀಕ್ಷೆಯಲ್ಲಿ ಪ್ರೋಬ್ ಹಿಡಿದ ಕೈ ಬಹಳ ಮುಖ್ಯ, ಹೋದ ಸಲದ ಅಳತೆ ಎದುರಿಗಿದ್ದರೆ ಅವರಿಗೂ ಅನುಕೂಲ. ಇನ್ನು ಕಿಡ್ನಿಯಿಂದ ಇಳಿದು ಮೂತ್ರನಾಳದ ನಡುವೆ ಕೂತ ಕಲ್ಲು ಇದರಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಸಿಟಿ ಸ್ಕ್ಯಾನ್ ಬರೆದರೆ ದುಡ್ಡಿಗೆ ಅಂತ ಬೈಯುವ ಮುಂಚೆ ಯಾಕೆ ಅಂತ ಕೇಳಿ.

ಶುಕ್ರವಾರ ಸರ್ಜನ್ ನೋಡುವುದಿದೆ. ಆಪರೇಷನ್ ಅಂದರೆ ಎಲ್ಲಿ ಮಾಡಿಸುವುದು, ಇಲ್ಲಿಯೋ, ಗೋವಾವೋ, ಮಣಿಪಾಲವೋ ಅಂತ ಮನೆಯಲ್ಲಿ ಈಗಲೇ ಚರ್ಚೆ ಶುರು. ಅತ್ತೆ ಮಣಿಪಾಲ ಅನ್ನುತ್ತಾರೆ. ಮಾವ ರಿಪೋರ್ಟನ್ನು ಕವರಿಗೆ ತುರುಕಿ, "ಆಗಸ್ಟ್ ಒಂದಕ್ಕೆ ಬೋಟು ಬಿಡಬೇಕು, ಅದಾದ್ಮೇಲೆ ನೋಡುವಾ" ಅನ್ನುತ್ತಿದ್ದಾರೆ.