ಎರಡು ಸಲ ರಿಪೇರಿಗೆ ಬಂದ ಹಾಟ್ ಪ್ಲೇಟ್

ಮೈಸೂರಿನಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಫ್ಯಾನು, ಗೀಸರು, ಹಾಟ್ ಪ್ಲೇಟು ಎಲ್ಲವೂ ಬರುತ್ತವೆ. 18 ವರ್ಷದಿಂದ ಇದೇ ಕೆಲಸ. ಸ್ಕ್ರೂ ಬಿಚ್ಚಿ, ಕೆಟ್ಟ ಭಾಗ ಹುಡುಕಿ, ಬದಲಾಯಿಸೋದನ್ನು ಮೊದಲ ಎರಡು ವರ್ಷದಲ್ಲೇ ಕಲಿತೆ. ಗಿರಾಕಿಯನ್ನು ಏನು ಕೇಳಬೇಕು ಅನ್ನೋದನ್ನು ಕಲಿಯಲು ಇನ್ನೂ ಹತ್ತಾರು ವರ್ಷ ಬೇಕಾಯಿತು. ಅದನ್ನು ಕಲಿಸಿದ್ದು ಒಂದು ಹಾಟ್ ಪ್ಲೇಟ್.

2000 ವಾಟಿನ ಜಿ ಕಾಯಿಲ್ ಪ್ಲೇಟು ಅದು. ಚಕ್ಕುಲಿ ಹಾಗೆ ಸುತ್ತಿದ ಕಪ್ಪು ಕೊಳವೆ ಮೇಲೆ ಇರುತ್ತದಲ್ಲ, ಆ ಥರದ್ದು. ತಂದವರು ವಯಸ್ಸಾದ ಒಬ್ಬ ಅಮ್ಮ. ಹಳೇ ಮನೆ, ಒಬ್ಬರೇ ಇರುತ್ತಾರೆ. ಗ್ಯಾಸ್ ಹಚ್ಚಲು ಭಯ. ಬೆಳಗಿನ ಹಾಲು, ಕಾಫಿಗೆ ನೀರು, ರಾತ್ರಿ ಸಾರು ಬಿಸಿ ಮಾಡೋದು ಎಲ್ಲ ಇದರಲ್ಲೇ.

"ಒಂದ್ಸಲ ಬರತ್ತೆ, ಒಂದ್ಸಲ ಬರಲ್ಲ ಕಣಪ್ಪ" ಅಂದರು.

ನೋಡಿದೆ. ಪ್ಲಗ್ಗಿನ ಒಂದು ಪಿನ್ ಕಪ್ಪಾಗಿತ್ತು. ಅದರ ಹತ್ತಿರ ವೈರಿನ ಮೇಲಿನ ಪ್ಲಾಸ್ಟಿಕ್ ಒಣಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಹೊಸ ಕಾರ್ಡು, ಹೊಸ 16 ಆಂಪ್ ಪ್ಲಗ್ಗು ಹಾಕಿದೆ. ಅಂಗಡಿಯಲ್ಲೇ ಓಡಿಸಿ ತೋರಿಸಿದೆ. ಕೆಂಪಗೆ ಕಾಯಿತು. ಖುಷಿಯಾಗಿ ತೆಗೆದುಕೊಂಡು ಹೋದರು.

ಐದಾರು ತಿಂಗಳಿಗೆ ವಾಪಸ್ ಬಂತು. ಅದೇ ಪಿನ್ ಮತ್ತೆ ಕಪ್ಪು. ಪ್ಲಗ್ಗೇ ಸರಿ ಇಲ್ಲ ಅಂದುಕೊಂಡು ಇನ್ನೂ ಒಳ್ಳೆಯದನ್ನು ಹಾಕಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಮೂರನೇ ಸಲ ಅವರು ಪ್ಲೇಟನ್ನು ತರಲಿಲ್ಲ. ಫೋನ್ ಮಾಡಿ, "ಹಾಲ್‌ನಲ್ಲಿ ಸುಟ್ಟ ವಾಸನೆ ಬರ್ತಿದೆ, ಬಂದು ನೋಡ್ತೀಯೇನಪ್ಪ" ಅಂದರು. ಮೇನ್ ಆಫ್ ಮಾಡಿ ಹೊರಗೆ ಕೂತಿರಿ ಅಂತ ಹೇಳಿ ಹೊರಟೆ.

ಅಡುಗೆಮನೆಯಲ್ಲಿದ್ದ ಒಂದೇ ದೊಡ್ಡ ಪಾಯಿಂಟಿಗೆ ಫ್ರಿಜ್ ಹಾಕಿದ್ದರು. ಹಾಟ್ ಪ್ಲೇಟ್ ಹಾಲ್ ಬಾಗಿಲ ಪಕ್ಕದ ಬೋರ್ಡಿನಲ್ಲಿತ್ತು. ಮರದ ಹಳೇ ಬೋರ್ಡು, ಅದರಲ್ಲಿ 6 ಆಂಪಿನ ಸಣ್ಣ ಸಾಕೆಟ್. ದಪ್ಪ ಪಿನ್ ಅದರೊಳಗೆ ಹೋಗೋದಿಲ್ಲ ಅಂತ ಯಾರೋ ಒಂದು ಕನ್ವರ್ಷನ್ ಪ್ಲಗ್ ತಂದುಕೊಟ್ಟಿದ್ದರು. ಬೋರ್ಡ್ ಬಿಚ್ಚಿದರೆ ಹಿಂದಿನ ಮರ ಅಂಗೈ ಅಗಲ ಇದ್ದಿಲಾಗಿತ್ತು. ಅದರ ಪಕ್ಕದಲ್ಲೇ ಬಾಗಿಲ ಪರದೆ ನೇತಾಡುತ್ತಿತ್ತು. ಆ ಪರದೆ ನೋಡಿ ನನ್ನ ಕೈ ನಡುಗಿತು.

ನಾನು ಎರಡು ಸಲ ಸರಿಯಾಗಿಯೇ ರಿಪೇರಿ ಮಾಡಿದ್ದೆ. ಹಾಕಿದ ಸಾಮಾನು ಒಳ್ಳೆಯದೇ. ಆದರೆ ಎರಡು ಸಲವೂ "ಇದನ್ನ ಎಲ್ಲಿಗೆ ಹಾಕ್ತೀರಮ್ಮ?" ಅಂತ ಒಂದು ಮಾತು ಕೇಳಿರಲಿಲ್ಲ. ಪಿನ್ನಿನ ಕಪ್ಪು ಬಣ್ಣ ಸಾಕೆಟ್ಟಿನ ಕಾಯಿಲೆಯನ್ನು ಹೇಳುತ್ತಿತ್ತು. ನಾನು ಪಿನ್ ಬದಲಾಯಿಸಿ ಕಳಿಸುತ್ತಿದ್ದೆ.

ಅಲ್ಲಿ ಆಗುತ್ತಿದ್ದದ್ದು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಷ್ಟೋ ಮನೆಗಳಲ್ಲಿ ಇದೇ ಆಗುತ್ತಿರುತ್ತದೆ. 2000 ವಾಟಿನ ಪ್ಲೇಟು 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. 6 ಆಂಪಿನ ಸಾಕೆಟ್‌ಗೆ ಅದು ಜಾಸ್ತಿ. ಆದರೂ ಮೊದಲ ದಿನವೇ ಏನೂ ಆಗೋದಿಲ್ಲ. ಸಾಕೆಟ್ಟಿನೊಳಗೆ ಪಿನ್ನನ್ನು ಹಿಡಿದುಕೊಳ್ಳುವ ಹಿತ್ತಾಳೆ ಪಟ್ಟಿ ಇರುತ್ತದೆ. ದಿನಾ ಕಾದು ಕಾದು ಅದರ ಹಿಡಿತ ಸಡಿಲವಾಗುತ್ತದೆ. ಸಡಿಲವಾದಲ್ಲಿ ಕಿಡಿ ಹಾರುತ್ತದೆ, ಕಿಡಿಗೆ ಪಿನ್ ಕಪ್ಪಾಗುತ್ತದೆ, ಕಪ್ಪಾದ ಜಾಗ ಇನ್ನೂ ಜಾಸ್ತಿ ಕಾಯುತ್ತದೆ. ಆ ಸಡಿಲ ಜಾಗದಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಇದ್ದರೂ 38 ವಾಟಿನಷ್ಟು ಬಿಸಿ ಅಲ್ಲೇ ಹುಟ್ಟುತ್ತದೆ. ನನ್ನ ಅಂಗಡಿಯ ಸೋಲ್ಡರಿಂಗ್ ಐರನ್ 25 ವಾಟಿನದು, ಅದು ಸೀಸವನ್ನೇ ಕರಗಿಸುತ್ತದೆ. ಅದಕ್ಕಿಂತ ದೊಡ್ಡದೊಂದನ್ನು ಮರದ ಬೋರ್ಡಿನ ಹಿಂದೆ ಇಟ್ಟು ದಿನಾ ಹಾಲು ಕಾಯಿಸಿದ ಹಾಗೆ. ವೈರಿನ ಮೇಲಿನ ಸಾಮಾನ್ಯ ಪಿವಿಸಿ ತಡೆಯೋದು 70 ಡಿಗ್ರಿವರೆಗೆ ಮಾತ್ರ.

"ಎಂಸಿಬಿ ಇದೆಯಲ್ಲ, ಬೀಳತ್ತೆ ಬಿಡಿ" ಅಂತ ಬಹಳ ಜನ ಹೇಳುತ್ತಾರೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಮೇನ್ ಬೋರ್ಡಿನ ಸ್ವಿಚ್. ಬೀಳೋದಿಲ್ಲ. ಎಂಸಿಬಿ ನೋಡೋದು ಲೈನಿನಲ್ಲಿ ಎಷ್ಟು ಆಂಪ್ ಹೋಗುತ್ತಿದೆ ಅಂತ. ಸಾಕೆಟ್ ಸುಡುತ್ತಿರುವಾಗಲೂ ಹೋಗೋದು ಅದೇ 8.7 ಆಂಪ್, ಒಂದು ಚೂರು ಕಡಿಮೆಯೇ ಇರಬಹುದು. 16 ಆಂಪಿನ ಎಂಸಿಬಿಗೆ ಅದರಲ್ಲಿ ತಪ್ಪೇನೂ ಕಾಣಿಸೋದಿಲ್ಲ. ಇಂಥ ಬಿಸಿಯನ್ನು ಕಂಡುಹಿಡಿಯೋದು ನಮ್ಮ ಮೂಗು ಮತ್ತು ಕೈ.

ಹಾಗಾಗಿ ಈಗ ಯಾರು ಹಾಟ್ ಪ್ಲೇಟ್ ತಂದರೂ ಒಂದು ಕೆಲಸ ಹೇಳಿಕೊಡುತ್ತೇನೆ. ಮನೆಯಲ್ಲಿ ಯಾವಾಗಲೂ ಹಾಕುವ ಸಾಕೆಟ್ಟಿಗೇ ಹಾಕಿ, ಪಾತ್ರೆಯಲ್ಲಿ ನೀರಿಟ್ಟು, ಫುಲ್ ಹೀಟಿನಲ್ಲಿ ಹತ್ತು ನಿಮಿಷ ಓಡಿಸಿ. ಸ್ವಿಚ್ ಆಫ್ ಮಾಡಿ ಪ್ಲಗ್ ಪೂರ್ತಿ ಹೊರಗೆ ತೆಗೆಯಿರಿ. ಆಮೇಲೆ ಪಿನ್ನುಗಳನ್ನು ಮೆಲ್ಲಗೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಆ ಸಾಕೆಟ್ಟಿಗೆ ಮತ್ತೆ ಹಾಕಬೇಡಿ. ಒಂದೇ ಪಿನ್ ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಆ ಬಿಸಿ ಪಿನ್ ಇರುವ ಕಡೆ ಹಿಡಿತ ಹೋಗಿದೆ ಅಂತ ಅರ್ಥ. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸುವವರಿಗಂತೂ ಇದನ್ನು ಒತ್ತಿ ಒತ್ತಿ ಹೇಳುತ್ತೇನೆ. ಕಂಪ್ಯೂಟರ್, ಮೊಬೈಲ್ ಚಾರ್ಜರಿಗೆ ಅಂತ ಮಾಡಿದ ಬಾಕ್ಸಿನ ತೆಳು ವೈರು ಒಲೆಯ ಭಾರ ಹೊರೋದಿಲ್ಲ. ವೈರನ್ನು ಸುರುಳಿ ಸುತ್ತಿ ಮೂಲೆಗೆ ಹಾಕಿದರೆ ಬಿಸಿ ಹೊರಗೆ ಹೋಗಲೂ ದಾರಿ ಇರೋದಿಲ್ಲ.

ಹಳೇ ಕಾಲದವರು ಈ ವಿಷಯದಲ್ಲಿ ಜಾಣರಿದ್ದರು ಅನ್ನಿಸುತ್ತದೆ. ಕೆಇಬಿ (ಕರ್ನಾಟಕ ವಿದ್ಯುತ್ ಮಂಡಳಿ) ಕಾಲದಲ್ಲಿ ಎಇಎಚ್, ಅಂದರೆ ಆಲ್ ಎಲೆಕ್ಟ್ರಿಕ್ ಹೋಮ್ ಕನೆಕ್ಷನ್ ಅಂತ ಇತ್ತು, ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಒಲೆ, ಬಾಯ್ಲರ್ ಬಳಸುವ ಮನೆ ಅಂತ ಲೆಕ್ಕ ಹಾಕಿಯೇ ಅಡುಗೆಮನೆಗೆ ದಪ್ಪ ವೈರಿನ 15 ಆಂಪ್ ಪಾಯಿಂಟ್ ಎಳೆಯುತ್ತಿದ್ದರು. ಈಗ ನಾವು ಒಲೆಯನ್ನು ಮೊದಲು ಕೊಳ್ಳುತ್ತೇವೆ, ಆಮೇಲೆ ಎಲ್ಲಿ ಸಾಕೆಟ್ ಇದೆ ಅಂತ ಹುಡುಕುತ್ತೇವೆ.

ಇನ್ನು ಪ್ಲೇಟಿನ ಒಳಗಿನ ವಿಷಯ. ನಿಜ ಹೇಳಬೇಕೆಂದರೆ ಒಳಗಿನ ಎಲಿಮೆಂಟ್ ಸುಮ್ಮನೆ ಕೆಡೋದಿಲ್ಲ. ಅದು ನಿಕ್ರೋಮ್ ತಂತಿ, ನಿಕಲ್ ಮತ್ತು ಕ್ರೋಮಿಯಂ ಸೇರಿಸಿ ಮಾಡಿದ್ದು. ಕಾದಾಗ ಅದರ ಮೇಲೆ ತೆಳುವಾದ ಆಕ್ಸೈಡ್ ಪದರ ಕೂತು ಒಳಗಿನ ತಂತಿಯನ್ನು ಕಾಪಾಡುತ್ತದೆ. ಮಲ್ಟಿಮೀಟರ್ ಹಿಡಿದರೆ 2000 ವಾಟಿನದು ಸುಮಾರು 26 ಓಮ್, 1000 ವಾಟಿನದು ಸುಮಾರು 53 ಓಮ್ ತೋರಿಸಬೇಕು. ಬಹಳ ಸಲ ಅದು ಸರಿಯಾಗಿಯೇ ಇರುತ್ತದೆ. ಕೆಡೋದು ಎಲಿಮೆಂಟಿಗೆ ವೈರು ಸೇರುವ ಜಾಗ. ಅಲ್ಲಿ ಸೋಲ್ಡರ್ ಹಾಕಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಸಾಮಾನ್ಯ ತವರ-ಸೀಸದ ಸೋಲ್ಡರ್ 183 ಡಿಗ್ರಿಗೆಲ್ಲ ಕರಗಲು ಶುರುವಾಗುತ್ತದೆ. ಒಲೆಯ ಹೊಟ್ಟೆಯಲ್ಲಿ ಅದು ನಿಲ್ಲೋದಿಲ್ಲ. ವೈರಿನ ತುದಿಗೆ ಲೋಹದ ಲಗ್ ಒತ್ತಿ, ಸ್ಕ್ರೂ ಬಿಗಿದು, ವೈರಿಗೆ ಗಾಜಿನ ನೂಲಿನ ಸ್ಲೀವ್ ಇಲ್ಲವೇ ಪಿಂಗಾಣಿ ಮಣಿ ಹಾಕಬೇಕು.

ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇನ್ನೊಂದು. ಅದರ ಪಾಯಿಂಟುಗಳು ಕಿಡಿಗೆ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ನಾಬ್ ಎಷ್ಟು ತಿರುಗಿಸಿದರೂ ಬಿಸಿ ಕಡಿಮೆ ಆಗೋದಿಲ್ಲ. "ಸಿಮ್‌ನಲ್ಲಿಟ್ಟರೂ ಹಾಲು ಉಕ್ಕತ್ತೆ" ಅಂತ ಯಾರಾದರೂ ಹೇಳಿದರೆ ನಾನು ಪ್ಲೇಟನ್ನು ವಾಪಸ್ ಕೊಂಡೊಯ್ಯಲು ಬಿಡೋದಿಲ್ಲ. ಅದು ತಾನಾಗಿ ಆಫ್ ಆಗದ ಒಲೆ.

ನನಗೆ ತುಂಬ ಸಿಟ್ಟು ಬರೋದು ಕತ್ತರಿಸಿದ ಅರ್ಥ್ ಪಿನ್ (ಸೋರಿದ ಕರೆಂಟನ್ನು ನೆಲಕ್ಕೆ ಕಳಿಸುವ ಮೂರನೇ ಪಿನ್) ನೋಡಿದಾಗ. ಒಬ್ಬರು ಪ್ಲೇಟನ್ನು ಮಳೆಗಾಲ ಪೂರ್ತಿ ಅಟ್ಟದ ಮೇಲೆ ಇಟ್ಟಿದ್ದರು. ಇಳಿಸಿ ಹಾಕಿದ ಕೂಡಲೇ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್, ಬಿತ್ತು. ಜಿ ಕಾಯಿಲ್ ಕೊಳವೆಯೊಳಗೆ ತಂತಿಯ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಆ ಪುಡಿ ತೇವ ಎಳೆದುಕೊಳ್ಳುತ್ತದೆ. ತೇವ ಹೋದರೆ ಸಣ್ಣಗೆ ಕರೆಂಟ್ ಕೊಳವೆಗೆ ಸೋರುತ್ತದೆ, ಅಲ್ಲಿಂದ ಪ್ಲೇಟಿನ ಮೈಗೆ. ಆರ್‌ಸಿಸಿಬಿ ಬಿದ್ದದ್ದು ಅದಕ್ಕೇ, ಅದು ತನ್ನ ಕೆಲಸ ಮಾಡಿತ್ತು. ಆದರೆ ಯಾರೋ ಬಂದು ಅರ್ಥ್ ಪಿನ್ ಕತ್ತರಿಸಿ, "ಈಗ ಬೀಳಲ್ಲ ನೋಡಿ" ಅಂತ ಹೇಳಿ ಹೋಗಿದ್ದರು. ಹೌದು, ಬೀಳಲಿಲ್ಲ. ಸೋರಿದ ಕರೆಂಟು ಹೋಗಲು ದಾರಿ ಇಲ್ಲದೆ ಪ್ಲೇಟಿನ ಮೈಯಲ್ಲೇ ಕಾದು ಕೂತಿತ್ತು, ಒದ್ದೆ ನೆಲದ ಮೇಲೆ ನಿಂತು ಯಾರು ಮುಟ್ಟುತ್ತಾರೋ ಅಂತ. ಪುಣ್ಯಕ್ಕೆ ಅವರು ಚಪ್ಪಲಿ ಹಾಕಿಕೊಂಡಿದ್ದರು. ಚುರುಕ್ ಅಂದಿದ್ದರಿಂದ ಅಂಗಡಿಗೆ ತಂದರು. ಕರೆಂಟ್ ಸೋರುತ್ತಿದೆಯಾ ಅಂತ ಅಳೆಯುವ ಮೆಗ್ಗರ್ ಇಟ್ಟು ನೋಡಿ, ಪ್ಲೇಟನ್ನು ಬಿಸಿ ಜಾಗದಲ್ಲಿಟ್ಟು ಚೆನ್ನಾಗಿ ಒಣಗಿಸಿ, ಮತ್ತೆ ಮೆಗ್ಗರ್ ಇಟ್ಟು ನೋಡಿದೆ. ತೇವ ಹೋಗಿತ್ತು. ಮೂರು ಪಿನ್ನಿನ ಹೊಸ ಪ್ಲಗ್ ಹಾಕಿಕೊಟ್ಟೆ.

ದಯವಿಟ್ಟು ಒಂದು ಲೆಕ್ಕ ನೆನಪಿಡಿ. ಮನುಷ್ಯನನ್ನು ಕಾಪಾಡಲು ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪ್ ಸೋರಿದರೇ ಬೀಳುತ್ತದೆ. 16 ಆಂಪಿನ ಎಂಸಿಬಿಯ ಅಂಕಿ ಅದರ 500 ಪಟ್ಟಿಗಿಂತ ಜಾಸ್ತಿ. ಎಂಸಿಬಿ ಇರೋದು ವೈರನ್ನು ಉಳಿಸಲು. ನಿಮ್ಮನ್ನು ಉಳಿಸೋದು ಅರ್ಥಿಂಗ್ ಮತ್ತು ಆರ್‌ಸಿಸಿಬಿ.

ಬಯಲು ಕಾಯಿಲ್ ಒಲೆಯ ಬಗ್ಗೆಯೂ ಹೇಳಬೇಕು. ಪಿಂಗಾಣಿ ತಟ್ಟೆಯ ಕಾಲುವೆಯಲ್ಲಿ ಸ್ಪ್ರಿಂಗ್ ಹಾಗೆ ತಂತಿ ಕೂರಿಸಿರುವ ಅಗ್ಗದ ಒಲೆ. ರೂಮು ಮಾಡಿಕೊಂಡಿರುವ ಹುಡುಗರ ಹತ್ತಿರ ಇದು ಈಗಲೂ ಇದೆ. ತಂತಿ ಕಿತ್ತರೆ ಇಕ್ಕಳದಲ್ಲಿ ಎರಡು ತುದಿ ತಿರುಚಿ ಜೋಡಿಸಿಬಿಡುತ್ತಾರೆ. ಹಾಗೆ ಮಾಡಿದಾಗ ತಂತಿಯ ಉದ್ದ ಕಡಿಮೆಯಾಗುತ್ತದೆ, ವಾಟ್ ಜಾಸ್ತಿಯಾಗುತ್ತದೆ, ಜೋಡಿಸಿದ ಗಂಟು ಎಲ್ಲಕ್ಕಿಂತ ಜಾಸ್ತಿ ಕಾಯುತ್ತದೆ. ಸ್ವಲ್ಪ ದಿನಕ್ಕೆ ಅಲ್ಲೇ ಮತ್ತೆ ಕೀಳುತ್ತದೆ. ಅದಕ್ಕಿಂತ ದೊಡ್ಡ ಭಯ ಶಾಕಿನದು. ತಂತಿ ಬಯಲಲ್ಲೇ ಇದೆ. ಅಲ್ಯೂಮಿನಿಯಂ ಪಾತ್ರೆಯ ತಳ ಅದಕ್ಕೆ ತಗುಲಿದರೆ, ಇಲ್ಲವೇ ಉಕ್ಕಿದ ಹಾಲು ಅದರ ಮೇಲೆ ಸುರಿದರೆ ಪಾತ್ರೆಗೂ ಕರೆಂಟ್ ಬರಬಹುದು. ವೈರಿಂಗ್ ಮಾಡುವಾಗ ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ವೈರು) ಬದಲು ನ್ಯೂಟ್ರಲ್‌ಗೆ (ವಾಪಸ್ ಹೋಗುವ ವೈರು) ಕೊಟ್ಟಿದ್ದರೆ ಇನ್ನೂ ಅಪಾಯ. ಸ್ವಿಚ್ ಆಫ್ ಮಾಡಿದರೂ, ಕಾಯಿಲ್ ತಣ್ಣಗಿದ್ದರೂ, ಅದರಲ್ಲಿ 230 ವೋಲ್ಟ್ ಇರುತ್ತದೆ. ನಾನು ಕಾಯಿಲ್ ಜೋಡಿಸಿಕೊಡೋದನ್ನು ನಿಲ್ಲಿಸಿ ವರ್ಷಗಳಾದವು. ಓದುವ ಹುಡುಗರು ಬಂದು "ಅಣ್ಣ, ಒಂದು ತಿಂಗಳು ತಳ್ಳಿದ್ರೆ ಸಾಕು" ಅಂತ ಕೇಳುತ್ತಾರೆ. ಬೇಡ ಕಣ್ರೋ ಅಂತ ಕೂರಿಸಿ ಹೇಳುತ್ತೇನೆ. ದುಡ್ಡಿಗೆ ಕಷ್ಟ ಅಂದರೆ ಹಳೇದೊಂದು ಮುಚ್ಚಿದ ಪ್ಲೇಟನ್ನು ಸರಿ ಮಾಡಿ ಕೊಡುತ್ತೇನೆ, ನಿಧಾನಕ್ಕೆ ಕೊಡಲಿ.

ಹೊಸದು ಕೊಳ್ಳುವವರು ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇದೆಯಾ ನೋಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಪ್ಲೇಟನ್ನು ಕೈಯಲ್ಲಿ ಎತ್ತಿಯೂ ನೋಡಿ. ತೀರಾ ಹಗುರ ಇರುವ ಪ್ಲೇಟಿನ ಮೇಲೆ ತುಂಬಿದ ಕುಕ್ಕರ್ ಇಟ್ಟರೆ ಓಲಾಡುತ್ತದೆ.

ಕರೆಂಟ್ ಹೋದಾಗಿನ ಮಾತು ಬೇರೆಯೇ. ಪ್ಲೇಟು ಉರಿಯುತ್ತಿರುವಾಗ ಕರೆಂಟ್ ಹೋಗುತ್ತದೆ. ಒಲೆಯಲ್ಲಿ ಬೆಂಕಿ ಕಾಣುತ್ತಿರೋದಿಲ್ಲ, ಹಾಗಾಗಿ ಸ್ವಿಚ್ ನೆನಪಾಗೋದಿಲ್ಲ. ಪಾತ್ರೆ ಇಳಿಸುತ್ತೇವೆ, ಜಾಗ ಖಾಲಿ ಇದೆ ಅಂತ ಮಸಿಬಟ್ಟೆಯನ್ನೋ ಪ್ಲಾಸ್ಟಿಕ್ ಬುಟ್ಟಿಯನ್ನೋ ಅದರ ಮೇಲೆ ಇಡುತ್ತೇವೆ, ಬಾಗಿಲು ಹಾಕಿಕೊಂಡು ಹೊರಗೆ ಹೋಗುತ್ತೇವೆ. ಕರೆಂಟ್ ವಾಪಸ್ ಬರುತ್ತದೆ. ಹೀಗೆ ಬುಟ್ಟಿ ಕರಗಿ ಅಂಟಿಕೊಂಡ ಪ್ಲೇಟುಗಳನ್ನು ನಾನು ಕೆರೆದು ತೆಗೆದಿದ್ದೇನೆ. ಆ ಮನೆಗಳಲ್ಲಿ ಅಷ್ಟಕ್ಕೇ ನಿಂತದ್ದು ಅದೃಷ್ಟ. ಕರೆಂಟ್ ಹೋದ ತಕ್ಷಣ ಪ್ಲಗ್ ಕಿತ್ತು ಕೈಗೆ ತೆಗೆದುಕೊಳ್ಳಿ.

ಆ ಅಮ್ಮನ ಮನೆಗೆ ಮೇನ್ ಬೋರ್ಡಿನಿಂದ ಬೇರೆಯೇ ಲೈನ್ ಎಳೆದೆವು. 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಅಡುಗೆಮನೆಯಲ್ಲಿ ಹೊಸ 16 ಆಂಪ್ ಸಾಕೆಟ್, ಮೇಲೊಂದು ಆರ್‌ಸಿಸಿಬಿ. ಸುಟ್ಟ ಬೋರ್ಡ್ ಕಿತ್ತು ಹಾಕಿದೆ. ಜೊತೆಗೆ 2000 ವಾಟಿನ ಪ್ಲೇಟ್ ಬಿಟ್ಟು 1000 ವಾಟಿನದು ತೆಗೆದುಕೊಳ್ಳಿ ಅಂದೆ. ಆಂಪ್ ಅರ್ಧವಾದರೆ ಸಡಿಲ ಜಾಗದ ಬಿಸಿ ಕಾಲುಭಾಗಕ್ಕೆ ಇಳಿಯುತ್ತದೆ.

"ಹಾಲು ಕಾಯೋಕೆ ಹೊತ್ತಾಗಲ್ವೇನಪ್ಪ?" ಅಂದರು.

"ಆಗತ್ತಮ್ಮ. ಎರಡು ನಿಮಿಷ ಜಾಸ್ತಿ ಆಗಬಹುದು" ಅಂದೆ. ಸ್ವಲ್ಪ ಯೋಚಿಸಿ ಒಪ್ಪಿದರು.

ಅದಾಗಿ 4 ವರ್ಷವಾಯಿತು. ಆ ಹೊಸ ಪ್ಲೇಟು ಅಂಗಡಿಗೆ ಬಂದಿಲ್ಲ. ವರ್ಷಕ್ಕೊಂದು ಸಲ ನಾನೇ ಹೋಗಿ ಹತ್ತು ನಿಮಿಷ ಓಡಿಸಿ, ಪ್ಲಗ್ ತೆಗೆದು ಪಿನ್ ಮುಟ್ಟಿ ನೋಡುತ್ತೇನೆ. ಆ ಹತ್ತು ನಿಮಿಷದಲ್ಲಿ ಅವರ ಕಾಫಿಗೆ ಹಾಲು ಕಾದಿರುತ್ತದೆ, ನನಗೂ ಒಂದು ಲೋಟ ಸಿಗುತ್ತದೆ.